ವಿಚ್ಛೇದನದ ಹೊತ್ತಿನಲ್ಲಿ ಗಂಡ ಅಥವಾ ಹೆಂಡತಿಯ ಮಾತನ್ನು ಗುಟ್ಟಾಗಿ ರೆಕಾರ್ಡ್ ಮಾಡಬಹುದೇ? ಪದೇ ಪದೇ ಕೇಳುವ ಪ್ರಶ್ನೆಗಳು

ವಿಚ್ಛೇದನದ ವಿಚಾರವಾಗಿ ವಕೀಲರನ್ನು ಕಾಣಲು ಬರುವವರಲ್ಲಿ ಬಹಳ ಮಂದಿ ಈಗ ಮೊಬೈಲಿನಲ್ಲಿ ಮನೆಯ ಜಗಳದ ಧ್ವನಿಮುದ್ರಣವನ್ನು ಇಟ್ಟುಕೊಂಡೇ ಬರುತ್ತಾರೆ. ಕೋರ್ಟು ಇದನ್ನು ಸಾಕ್ಷ್ಯವೆಂದು ತೆಗೆದುಕೊಳ್ಳುತ್ತದೆಯೇ ಎಂಬುದು ಅವರ ಮೊದಲ ಪ್ರಶ್ನೆ. ಹೀಗೆ ರೆಕಾರ್ಡ್ ಮಾಡಿದ್ದರಿಂದ ನನ್ನ ಮೇಲೆಯೇ ಕೇಸು ಬೀಳುತ್ತದೆಯೇ ಎಂಬ ಎರಡನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಈ ಎರಡು ಪ್ರಶ್ನೆಗಳಿಗೆ ಕಾನೂನು ಕೊಡುವ ಉತ್ತರ ಒಂದೇ ಅಲ್ಲ. ಈ ವ್ಯತ್ಯಾಸವನ್ನು ತಿಳಿಯದೆ ಹೆಜ್ಜೆ ಇಟ್ಟವರು ತೊಂದರೆಗೆ ಸಿಲುಕುತ್ತಾರೆ. ಇಲ್ಲಿರುವುದು ಭಾರತದ ಕಾನೂನಿನ ಸಾಮಾನ್ಯ ವಿವರಣೆ. ನಿಮ್ಮ ಪ್ರಕರಣದ ಕಾಗದಪತ್ರಗಳನ್ನು ನೋಡಿದ ವಕೀಲರ ಸಲಹೆಯನ್ನು ಇದರ ಮೇಲಿಟ್ಟು ಎಣಿಸಬೇಕು.

ನನ್ನ ಮತ್ತು ನನ್ನ ಸಂಗಾತಿಯ ನಡುವಿನ ಮಾತನ್ನು ನಾನೇ ರೆಕಾರ್ಡ್ ಮಾಡಿದರೆ ಅದು ಅಪರಾಧವೇ?

ಮನೆಯಲ್ಲಿ ಎದುರೆದುರು ಕುಳಿತು ಆಡಿದ ಮಾತನ್ನು, ಅದರಲ್ಲಿ ಭಾಗಿಯಾದವರೇ ಧ್ವನಿಮುದ್ರಿಸಿಕೊಂಡರೆ ಅಪರಾಧವೆಂದು ಹೇಳುವ ಪ್ರತ್ಯೇಕ ಕಾಯ್ದೆ ಭಾರತದಲ್ಲಿಲ್ಲ. ನೀವೇ ಒಂದು ತುದಿಯಲ್ಲಿದ್ದ ದೂರವಾಣಿ ಕರೆಯ ವಿಷಯದಲ್ಲಿಯೂ ನ್ಯಾಯಾಲಯಗಳು ಬಹುಮಟ್ಟಿಗೆ ಇದೇ ದಾರಿಯಲ್ಲಿ ನಡೆದಿವೆ. ಆರ್.ಎಂ. ಮಲ್ಕಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾತನಾಡಿದವರಲ್ಲಿ ಒಬ್ಬರ ಒಪ್ಪಿಗೆಯಿಂದ ಕರೆಯನ್ನು ಮುದ್ರಿಸಿಕೊಂಡದ್ದು ಟೆಲಿಗ್ರಾಫ್ ಕಾಯ್ದೆಯ ಉಲ್ಲಂಘನೆಯಾಗುವುದಿಲ್ಲವೆಂದು ಹೇಳಿತ್ತು.

ಹೀಗೆಂದ ಮಾತ್ರಕ್ಕೆ ಎಲ್ಲಕ್ಕೂ ಅನುಮತಿ ಸಿಕ್ಕಿತೆಂದು ಭಾವಿಸಬಾರದು. ನೀವು ಇಲ್ಲದ ಕೋಣೆಯಲ್ಲಿ ರೆಕಾರ್ಡರ್ ಬಚ್ಚಿಡುವುದು, ಸಂಗಾತಿಯ ಫೋನಿಗೆ ಕಳ್ಳ ಆ್ಯಪ್ ಹಾಕುವುದು, ಮಲಗುವ ಕೋಣೆಯಲ್ಲಿ ಕ್ಯಾಮೆರಾ ಇಡುವುದು ಬೇರೆಯೇ ಸಂಗತಿಗಳು. ಅವುಗಳನ್ನು ಮುಂದೆ ವಿವರಿಸಲಾಗಿದೆ.

2025ರಲ್ಲಿ ಸುಪ್ರೀಂ ಕೋರ್ಟ್ ನಿಜವಾಗಿ ಹೇಳಿದ್ದೇನು?

ಗಂಡ ಹೆಂಡತಿಯ ಮಾತಿನ ಗುಟ್ಟಿನ ಧ್ವನಿಮುದ್ರಣವನ್ನು ವಿಚ್ಛೇದನದ ದಾವೆಯಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದೆಂದು ಸುಪ್ರೀಂ ಕೋರ್ಟ್ 2025ರಲ್ಲಿ ತೀರ್ಪು ಕೊಟ್ಟಿತು. ಆ ತೀರ್ಪು ಬಂದ ದಿನ ‘ಹೆಂಡತಿಯ ಮಾತು ಕದ್ದು ಕೇಳಬಹುದು’ ಎಂಬ ಅರ್ಥದ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ತೀರ್ಪು ಹೇಳಿದ್ದು ಹಾಗಲ್ಲವಾದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಪ್ರಕರಣ ಪಂಜಾಬಿನ ಭಟಿಂಡಾದ ಕೌಟುಂಬಿಕ ನ್ಯಾಯಾಲಯದ್ದು. ಕ್ರೌರ್ಯದ ಆಧಾರದ ಮೇಲೆ ವಿಚ್ಛೇದನ ಕೋರಿದ್ದ ಪತಿ, ಹಲವು ವರ್ಷಗಳ ಅವಧಿಯಲ್ಲಿ ತಾನು ಮತ್ತು ಪತ್ನಿ ಆಡಿದ ಮಾತುಗಳ ಧ್ವನಿಮುದ್ರಣ, ಅದಿದ್ದ ಮೆಮೊರಿ ಕಾರ್ಡ್ ಮತ್ತು ಅದರ ಲಿಖಿತ ಪ್ರತಿಯನ್ನು ಹಾಜರುಪಡಿಸಲು ಅನುಮತಿ ಕೇಳಿದರು. 2020ರಲ್ಲಿ ಕೌಟುಂಬಿಕ ನ್ಯಾಯಾಲಯ ಒಪ್ಪಿತು. ಪತ್ನಿಗೆ ತಿಳಿಯದಂತೆ ಮಾಡಿದ ಮುದ್ರಣ ಆಕೆಯ ಖಾಸಗಿತನದ ಹಕ್ಕಿಗೆ ಧಕ್ಕೆ ತರುತ್ತದೆಂದು 2021ರ ನವೆಂಬರ್‌ನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಆ ಆದೇಶವನ್ನು ರದ್ದುಗೊಳಿಸಿತು. 2025ರ ಜುಲೈ 14ರಂದು ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಸತೀಶ್ ಚಂದ್ರ ಶರ್ಮಾ ಅವರ ಪೀಠ ಹೈಕೋರ್ಟಿನ ಆದೇಶವನ್ನು ತಳ್ಳಿಹಾಕಿ ಕೌಟುಂಬಿಕ ನ್ಯಾಯಾಲಯದ ಆದೇಶವನ್ನು ಎತ್ತಿಹಿಡಿಯಿತು. ಇಬ್ಬರೂ ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿ ಕೆಲಸ ಮಾಡಿದವರು.

ತೀರ್ಪಿನ ತಿರುಳು ಹಳೆಯ ಸಾಕ್ಷ್ಯ ಕಾಯ್ದೆಯ 122ನೇ ಕಲಮಿನಲ್ಲಿದೆ. ವಿವಾಹ ಇರುವಾಗ ಗಂಡ ಹೆಂಡತಿಗೆ ಅಥವಾ ಹೆಂಡತಿ ಗಂಡನಿಗೆ ಹೇಳಿದ ಮಾತನ್ನು ಕೇಳಿಸಿಕೊಂಡವರು, ಹೇಳಿದವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವಂತಿಲ್ಲ ಎಂದು ಅದು ಹೇಳುತ್ತದೆ. ಆದರೆ ದಂಪತಿಯ ನಡುವಿನ ದಾವೆಗೂ, ಒಬ್ಬರು ಇನ್ನೊಬ್ಬರ ಮೇಲೆ ಎಸಗಿದ ಅಪರಾಧದ ವಿಚಾರಣೆಗೂ ಈ ನಿರ್ಬಂಧವಿಲ್ಲವೆಂದು ಅದೇ ಕಲಮು ವಿನಾಯಿತಿಯನ್ನೂ ಕೊಡುತ್ತದೆ. ಈ ಕಲಮಿನ ಉದ್ದೇಶ ವಿವಾಹದ ಪಾವಿತ್ರ್ಯವನ್ನು ಕಾಯುವುದೇ ಹೊರತು ದಂಪತಿಯಲ್ಲಿ ಒಬ್ಬರ ವಿರುದ್ಧ ಇನ್ನೊಬ್ಬರಿಗೆ ಖಾಸಗಿತನದ ಹಕ್ಕನ್ನು ಕೊಡುವುದಲ್ಲ ಎಂದು ಪೀಠ ವಿವರಿಸಿತು. ಇಂಥ ಸಾಕ್ಷ್ಯಕ್ಕೆ ಅವಕಾಶ ಕೊಟ್ಟರೆ ದಂಪತಿ ಒಬ್ಬರ ಮೇಲೊಬ್ಬರು ಗೂಢಚರ್ಯೆ ನಡೆಸಲು ಶುರುಮಾಡುತ್ತಾರೆಂಬ ವಾದಕ್ಕೆ, ಗೂಢಚರ್ಯೆಯ ಹಂತ ತಲುಪಿದ್ದಾರೆಂದರೆ ಸಂಬಂಧ ಆಗಲೇ ಮುರಿದಿದೆ ಎಂಬುದು ಪೀಠದ ಉತ್ತರವಾಗಿತ್ತು.

ಗಮನಿಸಬೇಕಾದದ್ದು ಇಷ್ಟು: ಆ ಧ್ವನಿಮುದ್ರಣ ಗಂಡ ಹೆಂಡತಿಯ ನಡುವಿನ ಮಾತಿನದು. ಪ್ರಶ್ನೆ ಇದ್ದದ್ದು ಅದನ್ನು ಸಾಕ್ಷ್ಯವಾಗಿ ಪರಿಗಣಿಸಬಹುದೇ ಎಂಬುದರ ಬಗ್ಗೆ. ಅದರಲ್ಲಿರುವುದು ನಿಜವೇ, ಅದರಿಂದ ಕ್ರೌರ್ಯ ಸಾಬೀತಾಗುತ್ತದೆಯೇ ಎಂಬುದನ್ನು ಕೌಟುಂಬಿಕ ನ್ಯಾಯಾಲಯದ ವಿಚಾರಣೆಗೇ ಬಿಡಲಾಯಿತು. ಪತ್ನಿ ಅಥವಾ ಪತಿಯ ಮೇಲೆ ನಿಗಾ ಇಡಲು ಪರವಾನಗಿಯನ್ನು ಆ ತೀರ್ಪು ಯಾರಿಗೂ ಕೊಟ್ಟಿಲ್ಲ.

ಈಗ ಸಾಕ್ಷ್ಯ ಕಾಯ್ದೆಯೇ ಬದಲಾಗಿದೆಯಲ್ಲ?

ಹೌದು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಜಾರಿಯಲ್ಲಿದೆ. ಹಳೆಯ 122ನೇ ಕಲಮು ಈಗ 128ನೇ ಕಲಮಾಗಿದ್ದು ಸಾರಾಂಶ ಹಾಗೆಯೇ ಉಳಿದಿದೆ. ಆ ದಿನಕ್ಕೆ ಮೊದಲೇ ಬಾಕಿ ಇದ್ದ ಪ್ರಕರಣಗಳು ಹಳೆಯ ಕಾಯ್ದೆಯಂತೆ ಮುಂದುವರಿಯುತ್ತವೆ.

ಹಾಗಾದರೆ ಪುಟ್ಟಸ್ವಾಮಿ ತೀರ್ಪಿನ ಖಾಸಗಿತನದ ಹಕ್ಕು ಎಲ್ಲಿ ಹೋಯಿತು?

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ಹಕ್ಕು ಮದುವೆಯಾದ ದಿನವೇ ಮುಗಿದುಹೋಗುವುದಿಲ್ಲ. ಆದರೆ ನ್ಯಾಯಯುತ ವಿಚಾರಣೆ ಪಡೆಯುವುದು, ತನ್ನ ಪರವಾದ ಸಾಕ್ಷ್ಯವನ್ನು ಮಂಡಿಸುವುದು ಸಹ ಹಕ್ಕೇ ಆಗಿರುವುದರಿಂದ, ದಂಪತಿಯ ನಡುವಿನ ದಾವೆಯಲ್ಲಿ ನ್ಯಾಯಾಲಯ ಇವೆರಡನ್ನೂ ತೂಗಿ ನೋಡುತ್ತದೆ.

ಮೂರನೆಯವರ ಖಾಸಗಿತನದ ವಿಷಯದಲ್ಲಿ ನಮ್ಮ ಹೈಕೋರ್ಟ್ ಬಿಗಿಯಾಗಿಯೇ ಇದೆ. ಪತ್ನಿಯ ಅನೈತಿಕ ಸಂಬಂಧವನ್ನು ಸಾಬೀತುಪಡಿಸಲು ಮೂರನೆಯ ವ್ಯಕ್ತಿಯ ಮೊಬೈಲ್ ಟವರ್ ವಿವರ ಬೇಕೆಂದು ಪತಿಯೊಬ್ಬರು ಕೋರಿದ್ದ ಪ್ರಕರಣದಲ್ಲಿ, 2022ರಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠ ಅದಕ್ಕೆ ಅವಕಾಶ ಕೊಡಲಿಲ್ಲ. ಗಂಡ ಹೆಂಡತಿಯ ಜಗಳದಲ್ಲಿ ಕಕ್ಷಿದಾರನೂ ಅಲ್ಲದವನ ಚಲನವಲನ ಬಯಲಾಗಬಾರದೆಂಬ ಈ ನಿಲುವು ಸರಿಯಾದದ್ದೆಂದೇ ನನ್ನ ಅಭಿಪ್ರಾಯ.

ಸಂಗಾತಿ ಬೇರೆಯವರೊಡನೆ ಆಡಿದ ಮಾತನ್ನು ರೆಕಾರ್ಡ್ ಮಾಡಿದರೆ?

ಇಲ್ಲಿ ಅಪಾಯ ಹೆಚ್ಚು. ಹೆಂಡತಿ ತನ್ನ ತವರಿನವರೊಡನೆ, ಗಂಡ ತನ್ನ ಸ್ನೇಹಿತನೊಡನೆ ಆಡುವ ದೂರವಾಣಿ ಮಾತಿನಲ್ಲಿ ನೀವು ಭಾಗಿಯಲ್ಲ. ಅಂಥ ಕರೆಯನ್ನು ನಡುವೆ ನುಗ್ಗಿ ಕೇಳುವುದು ಕಾನೂನುಬಾಹಿರ ಕದ್ದಾಲಿಕೆಯಾಗಬಹುದು. ದೂರಸಂಪರ್ಕ ಕಾಯ್ದೆ, 2023ರ 42ನೇ ಕಲಮಿನಡಿ ಇದಕ್ಕೆ ಮೂರು ವರ್ಷದವರೆಗೆ ಸೆರೆವಾಸ, ಎರಡು ಕೋಟಿ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಪತ್ನಿ ತನ್ನ ಹೆತ್ತವರು ಮತ್ತು ಸ್ನೇಹಿತರೊಡನೆ ಆಡಿದ ಮಾತನ್ನು ಪತಿ ಕದ್ದು ಮುದ್ರಿಸಿದ್ದ ಪ್ರಕರಣವೊಂದರಲ್ಲಿ ಆಂಧ್ರಪ್ರದೇಶ ಹೈಕೋರ್ಟ್ ಬಹಳ ಹಿಂದೆಯೇ ಅದನ್ನು ಅಕ್ರಮವೆಂದು ಕರೆದು, ಸಾಕ್ಷ್ಯವಾಗಿ ತೆಗೆದುಕೊಳ್ಳಲು ನಿರಾಕರಿಸಿತ್ತು.

ಎಲ್ಲ ಹೈಕೋರ್ಟುಗಳೂ ಒಂದೇ ಮಾತು ಹೇಳಿಲ್ಲವೆಂಬುದೂ ನಿಜ. ಮಲಗುವ ಕೋಣೆಯ ಕ್ಯಾಮೆರಾದಲ್ಲಿ ದಾಖಲಾದ, ಪತ್ನಿ ಸ್ನೇಹಿತೆಯೊಡನೆ ಫೋನಿನಲ್ಲಿ ಆಡಿದ ಮಾತನ್ನು ದೆಹಲಿ ಹೈಕೋರ್ಟ್ 2020ರಲ್ಲಿ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ, 1984ರ 14ನೇ ಕಲಮಿನ ಬಲದಿಂದ ಸಾಕ್ಷ್ಯವಾಗಿ ಪರಿಗಣಿಸಬಹುದೆಂದಿತು. ಸತ್ಯ ತಿಳಿಯಲು ನೆರವಾಗುವ ಯಾವ ದಾಖಲೆಯನ್ನಾದರೂ, ಸಾಕ್ಷ್ಯ ಕಾಯ್ದೆಯ ಕಟ್ಟಳೆಗೆ ಹೊಂದದಿದ್ದರೂ, ಕೌಟುಂಬಿಕ ನ್ಯಾಯಾಲಯ ನೋಡಬಹುದೆಂದು ಆ ಕಲಮು ಹೇಳುತ್ತದೆ. ಆದರೆ ಅದೇ ತೀರ್ಪು, ದಾಖಲೆಯನ್ನು ಒಪ್ಪಿಕೊಂಡ ಮಾತ್ರಕ್ಕೆ ಅದನ್ನು ಅಕ್ರಮವಾಗಿ ಸಂಗ್ರಹಿಸಿದವರು ಹೊಣೆಯಿಂದ ಪಾರಾಗುವುದಿಲ್ಲವೆಂದೂ ಎಚ್ಚರಿಸಿತ್ತು. ಇದಕ್ಕೆ ಎದುರಾಗಿ, ಪತ್ನಿಯ ಕರೆ ವಿವರಗಳನ್ನು ಆಕೆಗೆ ತಿಳಿಯದೆ ಪಡೆದು ಹಾಜರುಪಡಿಸಿದ್ದ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ 2024ರ ಅಕ್ಟೋಬರ್‌ನಲ್ಲಿ, ಖಾಸಗಿತನದ ಹಕ್ಕಿನಲ್ಲಿ ದಂಪತಿಯ ನಡುವಿನ ಖಾಸಗಿತನವೂ ಸೇರಿದೆಯೆಂದು ಹೇಳಿ ಆ ದಾಖಲೆಯನ್ನು ತಿರಸ್ಕರಿಸಿತು. ಒಂದು ಕಡೆ ಸಾಕ್ಷ್ಯ ಸ್ವೀಕಾರವಾಗಿ, ಇನ್ನೊಂದು ಕಡೆ ಅದೇ ಸಾಕ್ಷ್ಯದ ಕಾರಣಕ್ಕೆ ನಿಮ್ಮ ಮೇಲೆ ಎಫ್‌ಐಆರ್ ದಾಖಲಾಗುವ ಸಾಧ್ಯತೆ ನಿಜವಾಗಿಯೂ ಇದೆ.

ಸಂಗಾತಿಯ ಫೋನಿಗೆ ಆ್ಯಪ್ ಹಾಕಿ ವಾಟ್ಸ್‌ಆ್ಯಪ್ ಸಂದೇಶ, ಕರೆಗಳನ್ನು ತೆಗೆಯಬಹುದೇ?

ಬೇಡ. ಬೇರೆಯವರ ಸಾಧನಕ್ಕೆ ಅವರ ಒಪ್ಪಿಗೆಯಿಲ್ಲದೆ ಪ್ರವೇಶಿಸಿ ಮಾಹಿತಿ ತೆಗೆಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43 ಮತ್ತು 66ನೇ ಕಲಮುಗಳ ವ್ಯಾಪ್ತಿಗೆ ಬರುತ್ತದೆ. ಶಿಕ್ಷೆ ಮೂರು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ. ಪುರುಷನೊಬ್ಬ ಮಹಿಳೆಯ ಇಂಟರ್‌ನೆಟ್, ಇ-ಮೇಲ್ ಮುಂತಾದ ಸಂವಹನದ ಮೇಲೆ ನಿಗಾ ಇಡುವುದನ್ನು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು ಹಿಂಬಾಲಿಸುವಿಕೆಯ ಅಪರಾಧದಲ್ಲಿ ಸೇರಿಸಿದೆ. ಫೋನ್ ನಾನೇ ಕೊಡಿಸಿದ್ದು, ಬಿಲ್ ನಾನೇ ಕಟ್ಟುತ್ತೇನೆ ಎಂಬ ಮಾತು ರಕ್ಷಣೆಗೆ ಬರುವುದೆಂದು ನಂಬಿ ಕೂರಬೇಡಿ.

ಹೀಗೆ ಆ್ಯಪ್ ಮೂಲಕ ಪಡೆದ ಸಂದೇಶಗಳನ್ನು ಮಧ್ಯಪ್ರದೇಶ ಹೈಕೋರ್ಟ್ 2025ರಲ್ಲಿ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 14ನೇ ಕಲಮಿನಡಿ ಸಾಕ್ಷ್ಯವಾಗಿ ಒಪ್ಪಿದ್ದನ್ನು ಕೆಲವರು ಉದಾಹರಿಸುತ್ತಾರೆ. ಸಾಕ್ಷ್ಯ ಸ್ವೀಕಾರಾರ್ಹವೆಂದರೆ ಕೃತ್ಯ ಕಾನೂನುಬದ್ಧವೆಂದು ಅರ್ಥವಲ್ಲ. ‘ಕರೆ ವಿವರ ತೆಗೆಸಿಕೊಡುತ್ತೇವೆ’ ಎನ್ನುವ ಖಾಸಗಿ ಪತ್ತೇದಾರರಿಗೂ ಕರೆ ಕದ್ದು ಕೇಳುವ, ದೂರವಾಣಿ ಕಂಪನಿಯ ದತ್ತಾಂಶವನ್ನು ಅಕ್ರಮವಾಗಿ ಪಡೆಯುವ ಅಧಿಕಾರವಿಲ್ಲ. ಅವರಿಗೆ ದುಡ್ಡು ಕೊಟ್ಟು ಮಾಡಿಸಿದವರೂ ತನಿಖೆಯಲ್ಲಿ ಸಿಕ್ಕಿಬೀಳುತ್ತಾರೆ.

ಮನೆಯೊಳಗೆ ಗುಟ್ಟಾಗಿ ವಿಡಿಯೊ ತೆಗೆದರೆ?

ಧ್ವನಿಗಿಂತ ವಿಡಿಯೊ ಹೆಚ್ಚು ಗಂಭೀರ. ವ್ಯಕ್ತಿಯ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ಸೆರೆಹಿಡಿಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ ಅಪರಾಧ. ಮಹಿಳೆಯ ಖಾಸಗಿ ಕ್ಷಣಗಳನ್ನು ಕದ್ದು ಚಿತ್ರೀಕರಿಸುವುದು ನ್ಯಾಯ ಸಂಹಿತೆಯ 77ನೇ ಕಲಮಿಗೆ ಬರುತ್ತದೆ. ಮಲಗುವ ಕೋಣೆಯಲ್ಲಿಯೂ ಸ್ನಾನದ ಮನೆಯಲ್ಲಿಯೂ ಕ್ಯಾಮೆರಾ ಇಡುವ ಯೋಚನೆಯನ್ನೇ ಬಿಡಬೇಕು.

ಧ್ವನಿಮುದ್ರಣವನ್ನು ನ್ಯಾಯಾಲಯಕ್ಕೆ ಹೇಗೆ ಸಲ್ಲಿಸಬೇಕು?

ಕೈಯಲ್ಲಿ ನಿಜವಾದ ಧ್ವನಿಮುದ್ರಣವಿದ್ದೂ ಪ್ರಯೋಜನವಾಗದೆ ಹೋಗುವುದು ಬಹುತೇಕ ಈ ಹಂತದ ಅಜಾಗರೂಕತೆಯಿಂದಲೇ.

ಮುದ್ರಣವಾದ ಮೂಲ ಫೋನನ್ನೇ ಹಾಜರುಪಡಿಸಿ, ಅದರ ಮಾಲೀಕರು ಸಾಕ್ಷಿಕಟ್ಟೆಗೆ ಬಂದು ನುಡಿದರೆ ಪ್ರಮಾಣಪತ್ರದ (ಎಲೆಕ್ಟ್ರಾನಿಕ್ ದಾಖಲೆ ಯಾವ ಸಾಧನದಿಂದ ಹೇಗೆ ಬಂತೆಂದು ದೃಢೀಕರಿಸುವ ಪತ್ರದ) ಅಗತ್ಯವಿಲ್ಲವೆಂದೂ, ಪೆನ್‌ಡ್ರೈವ್ ಅಥವಾ ಸಿಡಿಯಲ್ಲಿ ನಕಲು ಕೊಟ್ಟರೆ ಪ್ರಮಾಣಪತ್ರ ಕಡ್ಡಾಯವೆಂದೂ ಸುಪ್ರೀಂ ಕೋರ್ಟ್ 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಹಳೆಯ ಕಾಯ್ದೆಯಲ್ಲಿ ಇದು 65ಬಿ ಪ್ರಮಾಣಪತ್ರ. ಹೊಸ ಅಧಿನಿಯಮದಲ್ಲಿ 63ನೇ ಕಲಮು. ಹೊಸ ನಮೂನೆಯಲ್ಲಿ ಎರಡು ಭಾಗಗಳಿವೆ: ಮೊದಲನೆಯದನ್ನು ಸಾಧನವನ್ನು ಬಳಸಿದವರು, ಎರಡನೆಯದನ್ನು ತಜ್ಞರು ತುಂಬಬೇಕು. ಕಡತದ ಹ್ಯಾಷ್ ಮೌಲ್ಯವನ್ನೂ ಅದರಲ್ಲಿ ಬರೆಯಬೇಕು. ಒಂದು ಕಡತದ ಒಳಗಿರುವುದನ್ನೆಲ್ಲ ಲೆಕ್ಕಹಾಕಿ ತೆಗೆದ ಅಕ್ಷರ ಮತ್ತು ಅಂಕಿಗಳ ಸಾಲು ಅದು. ಮುದ್ರಣದಿಂದ ಅರ್ಧ ಸೆಕೆಂಡು ಕತ್ತರಿಸಿದರೂ ಆ ಸಾಲು ಪೂರ್ತಿ ಬದಲಾಗುತ್ತದೆ. ಆದ್ದರಿಂದ ‘ಬೇಕಾದ ಭಾಗವನ್ನಷ್ಟೇ ಕತ್ತರಿಸಿ ಇಟ್ಟಿದ್ದೇನೆ, ಮೂಲ ಅಳಿಸಿದೆ’ ಎಂದು ಹೇಳುವವರು ತಮ್ಮ ಪುರಾವೆಯನ್ನು ತಾವೇ ದುರ್ಬಲಗೊಳಿಸಿಕೊಂಡಿರುತ್ತಾರೆ. ವಾಟ್ಸ್‌ಆ್ಯಪಿನಲ್ಲಿ ಅಣ್ಣನಿಗೆ ಕಳುಹಿಸಿ, ಅವರಿಂದ ಮರಳಿ ಪಡೆದ ಪ್ರತಿಯಲ್ಲಿ ಕಡತದ ಹೆಸರು, ದಿನಾಂಕಗಳೇ ಬೇರೆಯಾಗಿರುತ್ತವೆ. ಮೂಲ ಫೋನನ್ನು ಎಕ್ಸ್‌ಚೇಂಜಿಗೆ ಕೊಡಬೇಡಿ, ರೀಸೆಟ್ ಮಾಡಬೇಡಿ.

ಮುದ್ರಣದ ಜೊತೆಗೆ ಲಿಖಿತ ಪ್ರತಿ ಬೇಕು. ಅದನ್ನು ಆಡಿದ ಭಾಷೆಯಲ್ಲಿಯೇ, ಆಡಿದ ಹಾಗೆಯೇ ಬರೆಯಬೇಕು. ತುಳು, ಕೊಂಕಣಿ, ಕೊಡವ ಅಥವಾ ದಖನಿಯಲ್ಲಿ ನಡೆದ ಜಗಳವಾದರೆ ಅನುವಾದವೂ ಬೇಕಾಗುತ್ತದೆ; ಬೈಗುಳವನ್ನು ಮೃದುಗೊಳಿಸಿಯೂ ಗಡಸಾಗಿಸಿಯೂ ಅನುವಾದಿಸಬಾರದು.

ಸಲ್ಲಿಸಿದರೆ ಸಾಕೇ? ನ್ಯಾಯಾಲಯ ಏನನ್ನು ನೋಡುತ್ತದೆ?

ಸಾಲದು. ನ್ಯಾಯಾಲಯ ದಾಖಲೆಗೆ ನಿಶಾನೆ ಸಂಖ್ಯೆ ಕೊಟ್ಟು ಸಾಕ್ಷ್ಯಕ್ಕೆ ಸೇರಿಸಿಕೊಂಡ ಮೇಲೆಯೇ ನಿಜವಾದ ಪರೀಕ್ಷೆ ಶುರುವಾಗುತ್ತದೆ. ಧ್ವನಿ ಯಾರದೆಂದು ಗುರುತಿಸಬೇಕು, ಮುದ್ರಣ ನಿಖರವಾಗಿರಬೇಕು, ತಿದ್ದಿಲ್ಲವೆಂದು ತೋರಿಸಬೇಕು, ವಿವಾದಕ್ಕೆ ಸಂಬಂಧಿಸಿರಬೇಕು, ಸುರಕ್ಷಿತವಾಗಿ ಇಟ್ಟಿರಬೇಕು, ಮಾತು ಸ್ಪಷ್ಟವಾಗಿ ಕೇಳಬೇಕು ಎಂಬ ಕಟ್ಟಳೆಗಳನ್ನು ಸುಪ್ರೀಂ ಕೋರ್ಟ್ 1985ರ ರಾಮ್ ಸಿಂಗ್ ಪ್ರಕರಣದಲ್ಲಿಯೇ ಹಾಕಿಕೊಟ್ಟಿದೆ. ಧ್ವನಿ ತನ್ನದಲ್ಲವೆಂದು ಎದುರು ಪಕ್ಷ ಹೇಳಿದರೆ ವಿಧಿವಿಜ್ಞಾನ ಪ್ರಯೋಗಾಲಯದ ಪರೀಕ್ಷೆಯವರೆಗೂ ವಿಷಯ ಹೋಗಬಹುದು.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಿ. ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲೆ, ಸಾಂಬಾರು ಪುಡಿಯ ಡಬ್ಬಿಯ ಹಿಂದೆ ಇಡಲಾಗಿದೆ. ಕುಕ್ಕರ್ ಕೂಗಿದ್ದು ಚೆನ್ನಾಗಿ ಕೇಳುತ್ತದೆ. ಗಂಡ ಏನೋ ಕೇಳುತ್ತಾರೆ, ಅಷ್ಟರಲ್ಲಿ ಮಿಕ್ಸಿ ಶುರುವಾಗಿ ಎರಡೂ ದನಿಗಳು ಮುಚ್ಚಿಹೋಗುತ್ತವೆ. ಮಿಕ್ಸಿ ನಿಂತ ಮೇಲೆ ಹೆಂಡತಿಯ ದನಿ: ‘ಹೌದು, ಹಾಗೇ ಮಾಡ್ತೀನಿ, ಏನೀಗ?’ ಗಂಡನ ಅಫಿಡವಿಟ್ಟಿನಲ್ಲಿ ಇದು ‘ಆತ್ಮಹತ್ಯೆ ಮಾಡಿಕೊಂಡು ನಿಮ್ಮನ್ನೆಲ್ಲ ಜೈಲಿಗೆ ಕಳಿಸುತ್ತೇನೆಂದು ಬೆದರಿಸಿದಳು’ ಎಂದಾಗಿದೆ. ತವರಿಗೆ ಹೋಗುತ್ತೇನೆಂದು ಹೇಳಿದ್ದೆ ಎಂಬುದು ಹೆಂಡತಿಯ ಉತ್ತರ. ಪಾಟೀಸವಾಲಿನಲ್ಲಿ ಆಕೆಯ ವಕೀಲರು ಕೇಳುವುದು ಸರಳವಾದ ಪ್ರಶ್ನೆಗಳನ್ನು: ರೆಕಾರ್ಡಿಂಗ್ ಯಾವಾಗ ಆನ್ ಮಾಡಿದಿರಿ? ಅದಕ್ಕೂ ಮೊದಲು ನೀವು ಏನು ಅಂದಿರಿ? ರೆಕಾರ್ಡ್ ಆಗುತ್ತಿರುವುದು ನಿಮಗೆ ತಿಳಿದಿತ್ತು, ಆಕೆಗೆ ತಿಳಿದಿರಲಿಲ್ಲ, ಅಲ್ಲವೇ? ಒಬ್ಬರು ಅತಿ ಸಮಾಧಾನದಿಂದ, ಅಳೆದು ತೂಗಿ ಮಾತನಾಡುತ್ತಾ ಇನ್ನೊಬ್ಬರನ್ನು ಕೆಣಕಿ ಬಾಯಿ ಬಿಡಿಸುವ ಮುದ್ರಣಗಳು ನ್ಯಾಯಾಧೀಶರಿಗೆ ಹೊಸತಲ್ಲ. ಸುಮಾರು ಧ್ವನಿಮುದ್ರಣಗಳು ಮಾಡಿದವರಿಗೇ ತಿರುಗುಬಾಣವಾಗುತ್ತವೆ.

ಗುಟ್ಟಾಗಿ ರೆಕಾರ್ಡ್ ಮಾಡುವುದೇ ಕ್ರೌರ್ಯವೆನಿಸಬಹುದೇ?

ಎನಿಸಬಹುದು. ಮಾನಸಿಕ ಕ್ರೌರ್ಯಕ್ಕೆ ಸಿದ್ಧ ಪಟ್ಟಿಯಿಲ್ಲವೆಂದು ಸುಪ್ರೀಂ ಕೋರ್ಟ್ 2007ರ ಸಮರ್ ಘೋಷ್ ತೀರ್ಪಿನಲ್ಲಿ ಹೇಳಿದೆ. ಒಂದೆರಡು ಜಗಳದ ಮುದ್ರಣಕ್ಕೂ, ವರ್ಷಗಟ್ಟಲೆ ಮನೆಯ ಮೂಲೆಮೂಲೆಯಲ್ಲಿ ನಿಗಾ ಇಟ್ಟು ಮನುಷ್ಯರನ್ನು ಉಸಿರುಗಟ್ಟಿಸುವುದಕ್ಕೂ ವ್ಯತ್ಯಾಸವಿದೆ. ಎರಡನೆಯದನ್ನು ಪತ್ನಿಯು ಕೌಟುಂಬಿಕ ಹಿಂಸಾಚಾರ ತಡೆ ಕಾಯ್ದೆ, 2005ರಡಿ ಮಾನಸಿಕ ಹಿಂಸೆಯೆಂದೂ ಮಂಡಿಸಬಹುದು.

ನಾನು ಹೊಡೆತ, ಬೆದರಿಕೆ ಅನುಭವಿಸುತ್ತಿದ್ದೇನೆ. ನನಗೆ ಬೇರೆ ಪುರಾವೆಯೇ ಇಲ್ಲ. ಆಗಲೂ ಬೇಡವೇ?

ನಾಲ್ಕು ಗೋಡೆಯ ನಡುವೆ ನಡೆಯುವ ಹಿಂಸೆಗೆ ನೆರೆಯವರ ಸಾಕ್ಷ್ಯ ಸಿಗುವುದು ಕಷ್ಟ. ಅಕ್ಕಪಕ್ಕದವರು ಕೇಳಿದ್ದರೂ ಕೋರ್ಟಿಗೆ ಬರಲು ಹಿಂಜರಿಯುತ್ತಾರೆ. ಇಂಥವರಿಗೆ 2025ರ ತೀರ್ಪು ಆಸರೆಯಾಗಿದೆ. ನಿಮ್ಮೆದುರು ನಿಮಗೇ ಒಡ್ಡಿದ ಬೆದರಿಕೆಯನ್ನು ನೀವು ಮುದ್ರಿಸಿಕೊಂಡಿದ್ದರೆ ಅದನ್ನು ಅಳಿಸಬೇಡಿ. ಗಂಡ ಹೆಂಡತಿಯ ಮೇಲೆ, ಹೆಂಡತಿ ಗಂಡನ ಮೇಲೆ ಎಸಗಿದ ಅಪರಾಧದ ವಿಚಾರಣೆಗೂ 128ನೇ ಕಲಮಿನ ವಿನಾಯಿತಿ ಅನ್ವಯಿಸುತ್ತದೆ.

ಆದರೆ ರೆಕಾರ್ಡ್ ಮಾಡುತ್ತಿರುವುದು ಗೊತ್ತಾಗಿ ಹಿಂಸೆ ಹೆಚ್ಚುವ ಅಪಾಯವಿದ್ದರೆ ಪುರಾವೆಗಿಂತ ಜೀವ ಮುಖ್ಯ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಸರ್ಕಾರಿ ಆಸ್ಪತ್ರೆಗೆ ಹೋಗಿ ಗಾಯ ಹೇಗಾಯಿತೆಂದು ನಿಜ ಹೇಳಿ, ದಾಖಲೆ ಮಾಡಿಸಿ. ‘ಬಚ್ಚಲಲ್ಲಿ ಜಾರಿಬಿದ್ದೆ’ ಎಂದು ಬರೆಸಿದ ಚೀಟಿ ಮುಂದೆ ನಿಮ್ಮ ವಿರುದ್ಧವೇ ಓದಲ್ಪಡುತ್ತದೆ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಅಥವಾ 15100 ಸಂಖ್ಯೆಯನ್ನು ಸಂಪರ್ಕಿಸಬಹುದು.

ಮಕ್ಕಳ ಮಾತನ್ನು ರೆಕಾರ್ಡ್ ಮಾಡಿ ಕೊಡಬಹುದೇ?

ದಯವಿಟ್ಟು ಮಾಡಬೇಡಿ. ‘ಅಮ್ಮ ನಿನ್ನನ್ನು ಹೊಡೀತಾಳೆ ಅಲ್ವಾ ಪುಟ್ಟಾ’ ಎಂದು ಫೋನು ಹಿಡಿದು ಮಗುವಿನ ಬಾಯಿಂದ ಉತ್ತರ ಹೊರಡಿಸುವುದರಿಂದ ಮಗುವಿಗಾಗುವ ಗಾಸಿ ಯಾವ ಆದೇಶದಿಂದಲೂ ಸರಿಹೋಗುವುದಿಲ್ಲ. ಪಾಲನೆಯ ವಿವಾದದಲ್ಲಿ ಮಗುವಿನ ಇಚ್ಛೆ ತಿಳಿಯಬೇಕಾದರೆ ನ್ಯಾಯಾಧೀಶರು ತಮ್ಮ ಕೊಠಡಿಯಲ್ಲಿ ತಾವೇ ಮಗುವಿನೊಡನೆ ಮಾತನಾಡುತ್ತಾರೆ, ಆಪ್ತಸಮಾಲೋಚಕರ ನೆರವನ್ನೂ ಪಡೆಯುತ್ತಾರೆ. ಹೇಳಿಕೊಟ್ಟ ಮಾತು ಅವರಿಗೆ ಬೇಗ ತಿಳಿಯುತ್ತದೆ, ಹೇಳಿಕೊಟ್ಟವರ ಬಗ್ಗೆ ಅವರ ಅಭಿಪ್ರಾಯವೂ ಕೆಡುತ್ತದೆ.

ಮಧ್ಯಸ್ಥಿಕೆ ಅಥವಾ ಆಪ್ತಸಮಾಲೋಚನೆಯ ಮಾತನ್ನು?

ಇಲ್ಲ. ಮಧ್ಯಸ್ಥಿಕೆಯಲ್ಲಿ ಆಡಿದ ಮಾತು ಗೋಪ್ಯ; ಅದನ್ನು ಮುದ್ರಿಸಿ ವಿಚಾರಣೆಯಲ್ಲಿ ಬಳಸುವಂತಿಲ್ಲ. ಬೆಂಗಳೂರಿನ ನ್ಯಾಯದೇಗುಲದ ಮಧ್ಯಸ್ಥಿಕಾ ಕೇಂದ್ರವಿರಲಿ, ಜಿಲ್ಲಾ ಕೇಂದ್ರಗಳಿರಲಿ, ಇಬ್ಬರೂ ಬಿಚ್ಚುಮನಸ್ಸಿನಿಂದ ಮಾತನಾಡಲು ಆಗುವುದು ಈ ಭರವಸೆಯಿಂದಲೇ.

ಧ್ವನಿಮುದ್ರಣವನ್ನು ನೆಂಟರಿಗೆ ಕೇಳಿಸಬಹುದೇ, ಹಂಚಬಹುದೇ?

ನ್ಯಾಯಾಲಯಕ್ಕೆ ಕೊಡುವುದು ಒಂದು, ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಇನ್ನೊಂದು. ಸಾಕ್ಷ್ಯ ಅಧಿನಿಯಮದ ವಿನಾಯಿತಿ ದಾವೆಗಷ್ಟೇ ಅನ್ವಯಿಸುತ್ತದೆ, ಹಂಚಿಕೆಗೆ ಅಲ್ಲ. ಹಿಂದೂ ವಿವಾಹ ಕಾಯ್ದೆಯ 22ನೇ ಕಲಮಿನಂತೆ ವಿಚ್ಛೇದನದ ಕಲಾಪವೇ ಗೋಪ್ಯವಾಗಿ ನಡೆಯುವಂಥದ್ದು. ಹಂಚಿದರೆ ಮಾನನಷ್ಟದ ದೂರು ಎದುರಾಗಬಹುದು. ‘ಇಷ್ಟು ಹಣ ಕೊಡದಿದ್ದರೆ ನಿಮ್ಮ ಆಫೀಸಿಗೆ ಕಳುಹಿಸುತ್ತೇನೆ’ ಎಂದರೆ ಅದು ಸುಲಿಗೆಯ ಆರೋಪಕ್ಕೆ ದಾರಿಮಾಡುತ್ತದೆ.

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಇದು ಬೇಕೇ?

ಬೇಕಿಲ್ಲ. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಇಬ್ಬರೂ ಒಪ್ಪಿ ಹಾಕುವ ಅರ್ಜಿಯಲ್ಲಿ ಯಾರದೂ ತಪ್ಪೆಂದು ಸಾಬೀತುಪಡಿಸಬೇಕಿಲ್ಲ. ಕಾದಾಡುತ್ತಾ ಶುರುವಾದ ಎಷ್ಟೋ ಪ್ರಕರಣಗಳು ಜೀವನಾಂಶ, ಮಕ್ಕಳ ಭೇಟಿಯ ದಿನಗಳನ್ನು ಮಾತಾಡಿಕೊಂಡು ಒಪ್ಪಂದದಲ್ಲಿ ಮುಗಿಯುತ್ತವೆ. ಧ್ವನಿಮುದ್ರಣವನ್ನು ಒಮ್ಮೆ ಮುಂದಿಟ್ಟ ಮೇಲೆ ಆ ಮಾತುಕತೆ ಕಷ್ಟವಾಗುತ್ತದೆ. ಸಲ್ಲಿಸುವ ಮುನ್ನ ಇದನ್ನೂ ಯೋಚಿಸಿ.

ನಾವು ವಿದೇಶದಲ್ಲಿದ್ದೇವೆ. ಅಲ್ಲಿ ರೆಕಾರ್ಡ್ ಮಾಡಿ ಇಲ್ಲಿ ಕೇಸು ಹಾಕಬಹುದೇ?

ರೆಕಾರ್ಡ್ ಮಾಡಿದ ಸ್ಥಳದ ಕಾನೂನನ್ನು ಮೊದಲು ನೋಡಬೇಕು. ಅಮೆರಿಕದ ಒಕ್ಕೂಟ ಕಾನೂನಿನಂತೆ ಮಾತಿನಲ್ಲಿ ಭಾಗಿಯಾದ ಒಬ್ಬರ ಒಪ್ಪಿಗೆ ಸಾಕು, ಎಂದರೆ ನಿಮ್ಮದೇ ಸಾಕು. ಆದರೆ ಕನ್ನಡಿಗರು ಬಹಳ ಮಂದಿ ನೆಲೆಸಿರುವ ಕ್ಯಾಲಿಫೋರ್ನಿಯಾದಲ್ಲಿ ಗೋಪ್ಯ ಮಾತುಕತೆಯನ್ನು ಮುದ್ರಿಸಲು ಭಾಗಿಯಾದ ಎಲ್ಲರ ಒಪ್ಪಿಗೆ ಬೇಕು. ಇಲ್ಲದಿದ್ದರೆ ಅದು ಅಲ್ಲಿನ ದಂಡಸಂಹಿತೆಯ 632ನೇ ಕಲಮಿನಡಿ ಅಪರಾಧ. ವಾಷಿಂಗ್ಟನ್ ರಾಜ್ಯದಲ್ಲಿಯೂ ಎಲ್ಲರ ಒಪ್ಪಿಗೆ ಬೇಕು, ಟೆಕ್ಸಾಸ್ ಮತ್ತು ನ್ಯೂಜೆರ್ಸಿಯಲ್ಲಿ ಒಬ್ಬರದು ಸಾಕು. ಜರ್ಮನಿಯಲ್ಲಿ ಒಪ್ಪಿಗೆಯಿಲ್ಲದ ಧ್ವನಿಮುದ್ರಣಕ್ಕೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಬೆಂಗಳೂರು, ಮೈಸೂರಿನ ಕೌಟುಂಬಿಕ ನ್ಯಾಯಾಲಯ ಆ ಮುದ್ರಣವನ್ನು ಸಾಕ್ಷ್ಯವಾಗಿ ಪರಿಗಣಿಸಿದರೂ ನೀವಿರುವ ದೇಶದ ಹೊಣೆಗಾರಿಕೆ ತಪ್ಪುವುದಿಲ್ಲ. ವೀಸಾದ ಮೇಲಿರುವವರಿಗೆ ಅಲ್ಲಿನ ಕ್ರಿಮಿನಲ್ ಪ್ರಕರಣ ಇನ್ನಷ್ಟು ತೊಡಕು ತರಬಹುದು. ಆದ್ದರಿಂದ ಇಲ್ಲಿ ಅರ್ಜಿ ಹಾಕುವ ಮೊದಲು ಅಲ್ಲಿನ ವಕೀಲರೊಬ್ಬರಿಂದ ಲಿಖಿತ ಸಲಹೆ ಪಡೆಯಿರಿ, ಅಲ್ಲಿಯವರೆಗೆ ಮೂಲ ಫೋನನ್ನು ಮುಟ್ಟದೆ ಜೋಪಾನವಾಗಿಡಿ.